ಪರವೂರಿನಲ್ಲಿ ಉಡುವುದೇನು?

ದೂರದ ಪ್ರಯಾಣ ನಿಶ್ಚಯವಾದ ಮನೆಯಲ್ಲಿ ಟಿಕೀಟಿನ ಚರ್ಚೆ ಒಂದು ಸಂಜೆಗೆ ಮುಗಿಯುತ್ತದೆ. ಪೆಟ್ಟಿಗೆಯ ಚರ್ಚೆ ಹದಿನೈದು ದಿನ ನಡೆಯುತ್ತದೆ. ಗಂಡಸರ ಪಾಲಿನದು ಎರಡು ಷರಾಯಿ, ನಾಲ್ಕು ಅಂಗಿಗಳಲ್ಲಿ ತೀರಿತು. ಹೆಂಗಸರ ಪೆಟ್ಟಿಗೆಗೆ ಮಾತ್ರ ಮನೆಮಂದಿಯ ಸಲಹೆ ಸಾಲದೆ ನೆರೆಹೊರೆಯ ಅಭಿಪ್ರಾಯವೂ ಬಂದು ಸೇರುತ್ತದೆ.

ಕುಮಟೆಯಿಂದ ಸಿರಸಿಯ ಘಟ್ಟ ಹತ್ತುವ ಮಾರ್ಗದಲ್ಲಿರುವ ಕತಗಾಲದಂತಹ ಊರಿನ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಮಗಳು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ನೌಕರಿಯಲ್ಲಿದ್ದಾಳೆ. ತಾಯಿ ಅಲ್ಲಿಗೆ ಹೊರಟಿದ್ದಾಳೆ. "ಆಯಿ, ಹೇಗೂ ಇಷ್ಟು ದೂರ ಬರುತ್ತೀ. ನಾಲ್ಕು ದಿನ ಮರಾಕೇಶ ನೋಡಿಕೊಂಡು ಬರೋಣ" ಎಂದು ಮಗಳು ಫೋನಿನಲ್ಲಿ ತಿಳಿಸುತ್ತಾಳೆ. ಮರಾಕೇಶವೆಂದರೆ ಉತ್ತರ ಆಫ್ರಿಕದ ಮೊರೊಕ್ಕೊ ದೇಶದ, ಅಟ್ಲಾಸ್ ಪರ್ವತಗಳ ಬುಡದಲ್ಲಿರುವ, ಕೆಮ್ಮಣ್ಣಿನ ಕೋಟೆಗೋಡೆಗಳ ನಗರ. ಹನ್ನೊಂದನೆಯ ಶತಮಾನದಲ್ಲಿ ಕಟ್ಟಿದ್ದು. ಹೆಸರು ಕೇಳಿದ ಕ್ಷಣದಿಂದ ಅಂತೆಕಂತೆಗಳು ಆರಂಭವಾಗುತ್ತವೆ. ತಲೆ ಮುಚ್ಚದೆ ಹೊರಬಿದ್ದರೆ ಪೋಲೀಸರು ತಡೆಯುತ್ತಾರಂತೆ. ಕುಂಕುಮ ಕಾಣಬಾರದಂತೆ. ಸೀರೆಯಂತೂ ಆಗದಂತೆ, ಹೊಟ್ಟೆ ಕಾಣುತ್ತದಂತೆ. ಪಾಪ, ಆ ತಾಯಿ ಮೂವತ್ತು ವರ್ಷ ಉಟ್ಟ ಸೀರೆಯನ್ನು ಅಪರಾಧಿಯನ್ನು ನೋಡುವಂತೆ ನೋಡತೊಡಗುತ್ತಾಳೆ.

ಇವುಗಳಲ್ಲಿ ಹೆಚ್ಚಿನವು ಸುಳ್ಳು. ಪ್ರವಾಸಕ್ಕೆ ಬಂದ ಹೆಂಗಸರು ತಲೆ ಮುಚ್ಚಬೇಕೆಂಬ ಕಾನೂನು ಮೊರೊಕ್ಕೊದಲ್ಲಿಲ್ಲ. ಮುಖವನ್ನೂ ಮುಚ್ಚುವ ಬುರ್ಖಾವನ್ನು ತಯಾರಿಸುವುದನ್ನೂ ಮಾರುವುದನ್ನೂ ಅಲ್ಲಿಯ ಸರಕಾರವೇ 2017ರ ಜನವರಿಯಲ್ಲಿ ನಿಷೇಧಿಸಿತೆಂದರೆ ನೆರೆಮನೆಯವರು ನಂಬಲಾರರು! ಬೀದಿಯಲ್ಲಿ ಕಾಣುವುದು ಎಲ್ಲ ಬಗೆಯ ಉಡುಪು. ಹಿಂಬದಿಗೆ ಕುಲಾವಿಯಿರುವ ಜೆಲ್ಲಾಬವೆಂಬ ನೀಳ ನಿಲುವಂಗಿಯನ್ನು ಗಂಡಸರೂ ಹೆಂಗಸರೂ ತೊಡುತ್ತಾರೆ. ಅದನ್ನು ತೊಟ್ಟ ಅಜ್ಜಿಯ ಕೈ ಹಿಡಿದು ಜೀನ್ಸ್ ತೊಟ್ಟ ಮೊಮ್ಮಗಳು ನಡೆಯುತ್ತಾಳೆ. ಒಬ್ಬಳ ತಲೆಯ ಮೇಲೆ ವಸ್ತ್ರವುಂಟು, ಇನ್ನೊಬ್ಬಳಿಗೆ ಇಲ್ಲ. ಗೆಲೀಜ್ ಎಂಬ ಹೊಸ ಪೇಟೆಯಲ್ಲಿ ಕಟ್ಟುಪಾಡು ಸಡಿಲ, ಕೋಟೆಯೊಳಗಿನ ಹಳೆಯ ಪೇಟೆಯಲ್ಲಿ ಕೊಂಚ ಬಿಗಿ. ಭುಜವೂ ಮೊಣಕಾಲೂ ಮುಚ್ಚಿರಲಿ ಎಂಬುದಷ್ಟೇ ಎಲ್ಲೆಡೆಯ ವಾಡಿಕೆ. ಕುಂಕುಮಕ್ಕೆ ಯಾವ ಅಡ್ಡಿಯೂ ಇಲ್ಲ. ಹಿಂದೀ ಚಿತ್ರಗಳು ಆ ದೇಶದಲ್ಲಿ ದಶಕಗಳಿಂದ ಜನಪ್ರಿಯವಾದ ಕಾರಣ, ಸೀರೆ ಕಂಡ ಅಂಗಡಿಯವನು ಅಮಿತಾಭ್ ಬಚ್ಚನ್ ಇಲ್ಲವೆ ಶಾರುಖ್ ಖಾನ್ ಹೆಸರು ಹೇಳಿ ಕೂಗುವುದುಂಟು. ಅದು ಸ್ನೇಹವೂ ಹೌದು, ವ್ಯಾಪಾರದ ಪೀಠಿಕೆಯೂ ಹೌದು.

ಕನ್ನಡದಲ್ಲಿ ಒಂದು ಸೊಗಸಿದೆ. ಸೀರೆಯನ್ನು ಉಡುತ್ತಾರೆ, ರವಿಕೆಯನ್ನು ತೊಡುತ್ತಾರೆ, ಶಾಲನ್ನು ಹೊದೆಯುತ್ತಾರೆ, ಹೂವನ್ನು ಮುಡಿಯುತ್ತಾರೆ. ಹೊಲಿದ ಬಟ್ಟೆಗೊಂದು ಮಾತು, ಹೊಲಿಯದ ಬಟ್ಟೆಗೊಂದು ಮಾತು. ಉತ್ತರ ಆಫ್ರಿಕದ ಹೆಂಗಸರ ಉಡುಪನ್ನು ಬಣ್ಣಿಸುವುದಕ್ಕೆ ಇವೆಲ್ಲವೂ ಬೇಕಾಗುತ್ತವೆ. ಜೆಲ್ಲಾಬವನ್ನು ತೊಡಬೇಕು. ಆದರೆ ಅಲ್ಜೀರಿಯದ ಬಿಳಿಯ ಹಾಯಿಕ್, ಟ್ಯುನೀಸಿಯದ ಕೆನೆಬಣ್ಣದ ಸಫ್ಸಾರಿ, ಈಜಿಪ್ಟಿನ ಪೇಟೆಯ ಹೆಂಗಸರು ಒಂದು ಕಾಲಕ್ಕೆ ಸುತ್ತಿಕೊಳ್ಳುತ್ತಿದ್ದ ಕಪ್ಪು ಮೆಲಾಯ, ಇವೆಲ್ಲ ಹೊಲಿಗೆಯಿಲ್ಲದ ಒಂದೇ ಹಾಸು ಬಟ್ಟೆ. ಮೈಗೆ ಸುತ್ತಿ ತಲೆಯ ಮೇಲೆಳೆದು ಹೊದೆಯಬೇಕಾದುವು. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವುದನ್ನು ಬಲ್ಲ ಹೆಂಗಸಿಗೆ ಅವು ತೀರ ಅಪರಿಚಿತವೆನಿಸಲಾರವು. ಹಾಗಾಗಿ ಸೀರೆ ಅಲ್ಲಿ ಸಲ್ಲದ ಉಡುಪೇನೂ ಅಲ್ಲ. ಮೊಣಕೈ ತನಕ ತೋಳಿರುವ ರವಿಕೆ, ಎರಡೂ ಭುಜವನ್ನು ಬಳಸಿ ಸೊಂಟವನ್ನು ಮರೆಮಾಡುವ ಸೆರಗು, ಇಷ್ಟಿದ್ದರೆ ಬಿಗಿ ಕಟ್ಟುಪಾಡಿನ ಮುದುಕಿಯೂ ಮೆಚ್ಚಿಯಾಳು.

ಸೀರೆಗೆ ತೊಡಕಿರುವುದು ಮರ್ಯಾದೆಯ ಕಡೆಯಿಂದಲ್ಲ, ನೆಲದ ಕಡೆಯಿಂದ. ಫೆಜ್ ನಗರದ ಹಳೆಯ ಪೇಟೆಯ ಓಣಿಗಳಿಗೆ ಮೋಟಾರು ಹೋಗದು. ಹೊರೆ ಹೊತ್ತ ಹೇಸರಗತ್ತೆಗಳು ಹೋಗುತ್ತವೆ. "ಬಾಲಕ್, ಬಾಲಕ್" ಎಂದು ಹಿಂದಿನಿಂದ ಕೂಗು ಬಂದರೆ ಕ್ಷಣದಲ್ಲಿ ಗೋಡೆಗೆ ಒತ್ತಿ ನಿಲ್ಲಬೇಕು. ಕಲ್ಲುಹಾಸಿನ ಮೆಟ್ಟಿಲು, ಚರ್ಮ ಹದಮಾಡುವ ಕೇರಿಯ ರಾಡಿ, ಇವುಗಳ ನಡುವೆ ನೆಲ ಗುಡಿಸುವ ನೆರಿಗೆ ಕಾಲಿಗೆ ತೊಡರದೆ ಇರದು. ಅಲ್ಲಿಗೆ ಸಲವಾರ್ ಕಮೀಜ್ ಮತ್ತು ಅಗಲವಾದ ದುಪಟ್ಟಾ ಒಳ್ಳೆಯದು. ಸೀರೆಯನ್ನೇ ಉಡುವೆನೆಂಬವಳು ಗದ್ದೆಗೆ ಇಳಿಯುವಾಗ ಎತ್ತಿಕಟ್ಟುವಂತೆ ಕಣಕಾಲಿನ ಮೇಲಕ್ಕೆ ಉಡಬೇಕು. ಈ ಮಾತನ್ನು ಕತಗಾಲದ ಕಡೆಯವರಿಗೆ ಕಲಿಸಬೇಕಾದ ಅಗತ್ಯವಿಲ್ಲ.

ಉಡುಪನ್ನು ನೋಡುವ ಕಣ್ಣಿನ ವಿಷಯವನ್ನೂ ಅವರಿಗೆ ಕಲಿಸಬೇಕಾಗಿಲ್ಲ. ಈ ಸೀಮೆಯಲ್ಲಿ ಒಂದೇ ಬಸ್ಸಿನಲ್ಲಿ ಕಾಣುವ ಉಡುಪುಗಳೇ ಎಷ್ಟು ಬಗೆ! ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದ ಕೊಂಕಣಿ ಅಜ್ಜಿಯರನ್ನು ಹಳಬರು ಬಲ್ಲರು. ಭಟ್ಕಳದ ಕಡೆಯ ಹೆಂಗಸು ಬುರ್ಖಾದಲ್ಲಿದ್ದರೆ ಪಕ್ಕದ ಆಸನದಲ್ಲಿ ಕಾಲೇಜಿನ ಹುಡುಗಿ ಚೂಡಿದಾರದಲ್ಲಿ. ಇವರೆಲ್ಲರಿಗಿಂತ ಹೆಚ್ಚಾಗಿ ಪರರ ಕಣ್ಣನ್ನು ಎದುರಿಸಿದವರು ಹಾಲಕ್ಕಿ ಒಕ್ಕಲಿಗ ಹೆಂಗಸರು. ರವಿಕೆಯಿಲ್ಲದೆ ಎದೆಯನ್ನು ಬಳಸಿ ಬಿಗಿದು ಕಟ್ಟಿದ ಸೀರೆ, ಕೊರಳು ತುಂಬಿ ಎದೆಯ ಮೇಲಿಳಿಯುವ ಮಣಿಸರಗಳು, ಬರಿಯ ತೋಳು, ಬರಿಯ ಬೆನ್ನು, ಬರಿಗಾಲು: ಇದು ಅವರ ಪರಂಪರೆಯ ಉಡುಪು. ಮುಂಗಾರಿನ ಮಳೆಯಲ್ಲಿ ದಿನವಿಡೀ ಬಗ್ಗಿ ಸಸಿ ನೆಡುವವರಿಗೆ ಒದ್ದೆ ರವಿಕೆಗಿಂತ ಅದೇ ಹಿತ. ಅವರ ಕೇರಿಯಲ್ಲಿ ಅದು ಪೂರ್ಣವಾದ, ಗೌರವದ ಉಡುಪು. ಅದೇ ಹೆಂಗಸು ಸೊಪ್ಪಿನ ಬುಟ್ಟಿ ಹೊತ್ತು ಪೇಟೆಗೆ ಬಂದಾಗ ಮಾತ್ರ ಏನೋ ಒಂದು ಕೊರತೆಯಾಗಿ ತೋರಿತು. ಅವಳಲ್ಲಿ ಬದಲಾದುದು ಏನೂ ಇಲ್ಲ, ನೋಡುವ ಕಣ್ಣು ಬದಲಾಯಿತು. ಅವರ ಹೆಣ್ಣುಮಕ್ಕಳು ಶಾಲೆಗೂ ನೌಕರಿಗೂ ಹೋಗತೊಡಗಿದ ಮೇಲೆ ರವಿಕೆ ಬಂದಿತು, ಮಣಿಗಳು ಕಡಿಮೆಯಾದುವು. ಇಂದು ಆ ಉಡುಪು ವಯಸ್ಸಾದವರಲ್ಲಿ ಉಳಿದಿದೆ.

ನೆರೆಯ ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಲಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದುಡಿದು, ಬೀಜದಿಂದ ಗಿಡ ಎಬ್ಬಿಸುವ ವಿದ್ಯೆಯಲ್ಲಿ ಹೆಸರಾದವರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಪದ್ಮಶ್ರೀ ಸ್ವೀಕರಿಸಲು ಅವರು ಹೋದದ್ದು ತಮ್ಮ ಎಂದಿನ ಸೀರೆಯಲ್ಲಿ, ಮಣಿಸರಗಳೊಡನೆ, ಬರಿಗಾಲಿನಲ್ಲಿ. ಆ ಭಾವಚಿತ್ರ ದೇಶದಾದ್ಯಂತ ಹರಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗಲೂ ಜನರು ನೆನೆದದ್ದು ಅದೇ ಚಿತ್ರವನ್ನು. ದೆಹಲಿಯ ರತ್ನಗಂಬಳಿಯ ಮೇಲೆ ಚೆಂದವಾಗಿ ಕಂಡ ಆ ಉಡುಪು ತಾಲ್ಲೂಕು ಕಚೇರಿಯ ಸರದಿಯಲ್ಲಿ ನಿಂತಾಗ ಅಷ್ಟೇ ಮನ್ನಣೆ ಪಡೆಯುತ್ತದೆಯೇ ಎಂದು ಮಾತ್ರ ಕೇಳಬೇಕಾಗುತ್ತದೆ. ಪ್ರಶಸ್ತಿಯ ಬೆಳಕಿಲ್ಲದೆಯೂ ಚೆಂದ ಚೆಂದವೇ ಅಲ್ಲವೆ?

ಹೆಣ್ಣಿನ ಬಟ್ಟೆಯ ಮೇಲೆ ಊರವರೆಲ್ಲ ತೀರ್ಪು ಕೊಡುವ ಈ ಚಾಳಿ ಒಂದು ನಾಡಿಗೆ ಸೀಮಿತವಲ್ಲ. ಈಜಿಪ್ಟಿನ ಹುದಾ ಶಾರಾವಿ 1923ರಲ್ಲಿ ರೋಮಿನ ಮಹಿಳಾ ಸಮ್ಮೇಳನದಿಂದ ಹಿಂದಿರುಗಿ ಕೈರೋ ನಗರದ ರೈಲ್ವೆ ನಿಲ್ದಾಣದಲ್ಲಿ ಇಳಿದಾಗ ತಮ್ಮ ಮುಖದ ಪರದೆಯನ್ನು ತಾವೇ ತೆಗೆದರು. ತಲೆಯ ವಸ್ತ್ರವನ್ನು ಹಾಗೆಯೇ ಇಟ್ಟುಕೊಂಡರು. ಎಲ್ಲಿಯ ತನಕ ಎಂಬುದನ್ನು ನಿರ್ಣಯಿಸಿದವರೂ ಅವರೇ. 1958ರ ಮೇ ತಿಂಗಳಲ್ಲಿ ಅಲ್ಜಿಯರ್ಸ್ ನಗರದಲ್ಲಿ ನಡೆದದ್ದು ಇದರ ವಿಪರೀತ. ಫ್ರೆಂಚ್ ಸೈನ್ಯದ ಆಶ್ರಯದ ಸಭೆಗಳಲ್ಲಿ ಅಲ್ಜೀರಿಯದ ಹೆಂಗಸರ ಹಾಯಿಕನ್ನು ವೇದಿಕೆಯ ಮೇಲೆ ತೆಗೆಸಿ ಅದನ್ನು ಬಿಡುಗಡೆಯೆಂದು ಸಾರಲಾಯಿತು. ಅಲ್ಲಿ ವೈದ್ಯರಾಗಿದ್ದ ಫ್ರಾಂಟ್ಸ್ ಫ್ಯಾನನ್ 1959ರ ತಮ್ಮ ಗ್ರಂಥದಲ್ಲಿ, ಎಷ್ಟೋ ಕಾಲದ ಹಿಂದೆಯೇ ಹಾಯಿಕನ್ನು ಬಿಟ್ಟಿದ್ದ ಹೆಂಗಸರೂ ಇದಾದ ಮೇಲೆ ಮತ್ತೆ ಹೊದ್ದರೆಂದು ಬರೆದಿದ್ದಾರೆ. ಸ್ವಾತಂತ್ರ್ಯ ಹೋರಾಟದ ಹೆಂಗಸರಂತೂ ಒಂದು ದಿನ ಯುರೋಪಿನ ಲಂಗ ತೊಟ್ಟು ಕಾವಲುಗಾರರ ಕಣ್ಣು ತಪ್ಪಿಸಿದರು. ಇನ್ನೊಂದು ದಿನ ಹಾಯಿಕ್ ಹೊದ್ದು ಅದರೊಳಗೆ ಆಯುಧ ಸಾಗಿಸಿದರು.

ಈ ಸಂಗತಿಗಳನ್ನು ಮರೆತು, "ಮೈ ತುಂಬ ಬಟ್ಟೆಯಿದ್ದರೆ ಯಾರೂ ಏನೂ ಮಾಡರು" ಎಂದು ಧೈರ್ಯ ಹೇಳುವವರಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆಗೆ ಉತ್ತರಿಸಿದ ಈಜಿಪ್ಟಿನ ಹೆಂಗಸರಲ್ಲಿ 99.3 ಪ್ರತಿಶತ ಮಂದಿ ಒಂದಲ್ಲ ಒಂದು ಬಗೆಯ ಕೀಟಲೆ ಕಿರುಕುಳಗಳನ್ನು ಅನುಭವಿಸಿದವರು. ಆ ದೇಶದಲ್ಲಿ ತಲೆಗೆ ವಸ್ತ್ರ ಧರಿಸುವ ಹೆಂಗಸರೇ ಬಹುಸಂಖ್ಯಾತರು. ವಸ್ತ್ರ ಅವರನ್ನು ಕಾಯಲಿಲ್ಲ. ಈಜಿಪ್ಟು 2014ರಲ್ಲಿ ಇದನ್ನು ದಂಡನೀಯ ಅಪರಾಧವಾಗಿಸಿತು. ಮೊರೊಕ್ಕೊದ ಕಾನೂನು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆದುದರಿಂದ ಓಣಿಯಲ್ಲಿ ಯಾರಾದರೂ ಹಿಂಬಾಲಿಸಿ ಬಂದರೆ ತಾಯಿಯಾಗಲಿ ಮಗಳಾಗಲಿ ತನ್ನ ಸೆರಗಿನಲ್ಲಿ ತಪ್ಪು ಹುಡುಕಬೇಕಾದದ್ದಿಲ್ಲ. ಹತ್ತಿರದ ಅಂಗಡಿಯೊಳಗೆ ಹೋಗಿ ಗಟ್ಟಿಯಾಗಿ ದೂರು ಹೇಳಬೇಕು. ಮಾರುಕಟ್ಟೆಯಲ್ಲಿ ಹೆಂಗಸಿನ ಗಟ್ಟಿದನಿಗೆ ಜನ ಕೂಡುವುದು ಕುಮಟೆಯಲ್ಲಿ ಹೇಗೋ ಅಲ್ಲಿಯೂ ಹಾಗೆಯೇ.

ಉಳಿದದ್ದು ಪೆಟ್ಟಿಗೆಯ ಲೆಕ್ಕ. ಮೊರೊಕ್ಕೊದ ಮಸೀದಿಗಳಲ್ಲಿ ಹೆಚ್ಚಿನವಕ್ಕೆ ಅನ್ಯಧರ್ಮೀಯರ ಪ್ರವೇಶವಿಲ್ಲ. ಮರಾಕೇಶದ ಕುತುಬಿಯಾದ ಗೋಪುರವನ್ನು ಹೊರಗಿನಿಂದಲೇ ನೋಡಬೇಕು. 1993ರಲ್ಲಿ ಪೂರ್ಣಗೊಂಡ ಕಾಸಾಬ್ಲಾಂಕಾದ ಹಸನ್ ಮಸೀದಿಗೆ ಮಾರ್ಗದರ್ಶಕರ ಜೊತೆಯಲ್ಲಿ ಹೋಗಬಹುದು. ಕೈರೋ ತನಕ ಹೋಗುವವರಿಗೆ ಅಲ್ ಅಝರ್ ಮಸೀದಿಯಲ್ಲಿ ತಲೆಗೆ ವಸ್ತ್ರ ಅವಶ್ಯ, ಪಾದರಕ್ಷೆ ಹೊರಗೆ. ದೇವಸ್ಥಾನದ ಹೊಸ್ತಿಲಲ್ಲಿ ಚಪ್ಪಲಿ ಬಿಡುವವರಿಗೆ ಇದೇನೂ ಭಾರವಲ್ಲ. ಕೈಚೀಲದಲ್ಲಿ ಒಂದು ಹತ್ತಿಯ ಶಾಲು ಇದ್ದರಾಯಿತು. ಬೇಸಗೆಯ ಮರಾಕೇಶದಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಅಪರೂಪವಲ್ಲ. ಚಳಿಗಾಲದ ರಾತ್ರಿಯಾದರೋ ಕರಾವಳಿಯವರು ಕಂಡರಿಯದ ಚಳಿ; ಉಣ್ಣೆಯ ಅಂಗಿಯನ್ನು ರವಿಕೆಯ ಮೇಲೆ ತೊಡಲು ಸಂಕೋಚಪಡಬಾರದು. ರೇಷ್ಮೆ ಸೀರೆಯನ್ನೂ ಚಿನ್ನವನ್ನೂ ಮನೆಯಲ್ಲಿಯೇ ಬಿಡುವುದು ಲೇಸು. ಜೆಮಾ ಎಲ್ ಫ್ನಾ ಚೌಕದಲ್ಲಿ ಮದರಂಗಿ ಹಚ್ಚುವ ಹೆಂಗಸರು ಕೇಳುವ ಮೊದಲೇ ಕೈ ಹಿಡಿಯುವುದುಂಟು. ದರ ಗೊತ್ತುಮಾಡಿಕೊಂಡೇ ಕೈ ಚಾಚತಕ್ಕದ್ದು. ಕಪ್ಪು ಮದರಂಗಿಯಾದರೆ ಬೇಡವೇ ಬೇಡ. ಅದರಲ್ಲಿ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕವನ್ನು ಬೆರೆಸಿರುತ್ತಾರೆ, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ.