ಪದವಿ ಮುಗಿದ ಮೇಲೆ ಎಲ್ಲಿಗೆ?

ಕಾಬೂಲಿನ ತಾಂತ್ರಿಕ ಕಚೇರಿಯನ್ನು ರಾಯಭಾರ ಕಚೇರಿಯ ದರ್ಜೆಗೇರಿಸುವುದಾಗಿ ಭಾರತ 2025ರ ಅಕ್ಟೋಬರ್ 10ರಂದು ಪ್ರಕಟಿಸಿತು. ಅದೇ ದಿನ ದೆಹಲಿಯಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ನಡೆಸಿದ ಪತ್ರಿಕಾಗೋಷ್ಠಿಯಿಂದ ಪತ್ರಕರ್ತೆಯರನ್ನು ಹೊರಗಿಡಲಾಯಿತು. ಟೀಕೆ ಎದ್ದ ಮೇಲೆ ಎರಡೇ ದಿನದಲ್ಲಿ ನಡೆದ ಮತ್ತೊಂದು ಗೋಷ್ಠಿಗೆ ಅವರಿಗೂ ಆಹ್ವಾನ ಬಂತು. ಒತ್ತಡ ಫಲ ಕೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕಡೂರು, ತರೀಕೆರೆ, ಅಜ್ಜಂಪುರದ ಹುಡುಗಿಯರು ಪುಸ್ತಕದ ಚೀಲ ಹೆಗಲಿಗೇರಿಸಿ ಕಾಲೇಜಿನ ಬಸ್ ಹತ್ತುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ತಾಲಿಬಾನ್ ಆಳ್ವಿಕೆಯ ಅಫ್ಗಾನಿಸ್ತಾನದಲ್ಲಿ ಆರನೇ ತರಗತಿ ದಾಟಿದ ಹುಡುಗಿಗೆ ಶಾಲೆಯಿಲ್ಲ. 2022ರ ಡಿಸೆಂಬರ್‌ನಿಂದ ವಿಶ್ವವಿದ್ಯಾಲಯವಿಲ್ಲ. 2024ರ ಡಿಸೆಂಬರ್‌ನಿಂದ ನರ್ಸಿಂಗ್, ಹೆರಿಗೆ ಆರೈಕೆಯ ತರಬೇತಿಯೂ ಇಲ್ಲ. 2021ರಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರು ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕೃಷಿ ವಿ.ವಿ.ಯಲ್ಲಿ ಅಫ್ಗನ್ ವಿದ್ಯಾರ್ಥಿಗಳಿದ್ದರು. ಹೀಗೆ ಇಲ್ಲಿ ಓದುವ ಅಫ್ಗನ್ ವಿದ್ಯಾರ್ಥಿನಿಗೆ ಕೋರ್ಸ್ ಮುಗಿದರೆ ವಿದ್ಯಾರ್ಥಿ ವೀಸಾದ ಆಸರೆಯೂ ತಪ್ಪುತ್ತದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಪ್ರತ್ಯೇಕ ಕಾಯ್ದೆಯನ್ನೂ ಮಾಡಿಲ್ಲ. ಕಾಬೂಲಿನೊಡನೆ ಸಂಬಂಧ ಬೆಸೆಯುವಾಗ ಈ ಹೆಣ್ಣುಮಕ್ಕಳನ್ನು ಮರೆಯುವುದು ಸಲ್ಲದು. ಅವರ ವೀಸಾ ವಿಸ್ತರಣೆಯನ್ನು ಕೇಂದ್ರ ಸರ್ಕಾರ ಅಧಿಕಾರಿಗಳ ವಿವೇಚನೆಗೆ ಬಿಡದೆ ನಿಯಮವಾಗಿಸಬೇಕು. ಅವರ ಉನ್ನತ ವ್ಯಾಸಂಗಕ್ಕೆ ರಾಜ್ಯದ ವಿಶ್ವವಿದ್ಯಾಲಯಗಳು ಶುಲ್ಕ ವಿನಾಯಿತಿ ನೀಡಬೇಕು.