ಹೊಸ ಕಟ್ಟಡಗಳಲ್ಲಿ ಗುಬ್ಬಿಗೆ ಎಡೆ

ಮೈಸೂರಿನ ಜಯಲಕ್ಷ್ಮಿಪುರಂ ಬಡಾವಣೆಯಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗಿ, ಅವುಗಳ ನಿವೇಶನಗಳಲ್ಲಿ ಹಲವು ಅಂತಸ್ತುಗಳ ಕಾಂಕ್ರೀಟು ಕಟ್ಟಡಗಳು ಏಳುತ್ತಿರುವುವು. ಇದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಜನರು ಹೆಚ್ಚಿದಂತೆ ವಸತಿಯೂ ಹೆಚ್ಚಬೇಕಾದುದೇ. ಆದರೆ ಹಳೆಯ ಮನೆಯೊಡನೆ ಅದರಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದ ಗುಬ್ಬಿಯ ಸಂಸಾರವೂ ಹೊರಬೀಳುತ್ತಿರುವುದು ಯಾರ ಲೆಕ್ಕಕ್ಕೂ ಬರುತ್ತಿಲ್ಲ. ಸಮೀಪದ ಕುಕ್ಕರಹಳ್ಳಿ ಕೆರೆಯ ಹಕ್ಕಿಗಳನ್ನು ನೋಡಲು ದುರ್ಬೀನು ಹಿಡಿದು ಬರುವವರು ಬಹುಮಂದಿ. ಸೂರಿನ ಗುಬ್ಬಿಯನ್ನು ವಿಚಾರಿಸುವವರು ವಿರಳ.

ಗುಬ್ಬಿಯು ಮರವನ್ನಾಗಲಿ ಗೋಡೆಯನ್ನಾಗಲಿ ಕೊರೆಯಲಾರದು. ಜಂತಿಗಳ ಸಂದು, ಹೆಂಚಿನ ಅಡಿ, ಗವಾಕ್ಷಿ, ಗೋಡೆಗೆ ತೂಗುಹಾಕಿದ ಪಟಗಳ ಹಿಂಬದಿ, ಇವೇ ಅದರ ಆಶ್ರಯಗಳು. ನಯವಾದ ಗಾರೆ, ಗಾಜು, ಕಿಟಕಿಗೆ ಬಿಗಿದ ಸೊಳ್ಳೆಪರದೆ ಇವುಗಳ ನಡುವೆ ಅದಕ್ಕೆ ಬೆರಳಗಲದ ಎಡೆಯೂ ಉಳಿದಿಲ್ಲ.

ಪಟ್ಟಣದ ಗುಬ್ಬಿಯ ವಿಚಾರವು ವ್ಯವಸಾಯ ಪತ್ರಿಕೆಗೇಕೆ ಎಂದು ಕೆಲವರು ಕೇಳಬಹುದು. ಗುಬ್ಬಿಯು ಕಾಳು ತಿನ್ನುವುದು ನಿಜ. ಜೋಳ, ನವಣೆಗಳ ತೆನೆಯ ಮೇಲೆ ಹಿಂಡು ಎರಗಿದಾಗ ರೈತನಿಗಾಗುವ ನಷ್ಟವನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಎಳೆಯ ಮರಿಯು ಬೆಳೆಯುವುದು ಕಾಳಿನಿಂದಲ್ಲ. ಮೊಟ್ಟೆಯೊಡೆದು ಗೂಡು ಬಿಡುವವರೆಗಿನ ಸುಮಾರು 15 ದಿನಗಳಲ್ಲಿ ತಾಯಿತಂದೆಗಳು ಅದರ ಬಾಯಿಗೆ ತಂದಿಡುವುದು ಬಹುಮಟ್ಟಿಗೆ ಹಸುರು ಹುಳು, ಸಸ್ಯಹೇನು, ಸಣ್ಣ ಮಿಡತೆ ಮೊದಲಾದ ಕೀಟಗಳನ್ನು. ಒಂದೊಂದು ಸಲಕ್ಕೆ 3ರಿಂದ 5 ಮೊಟ್ಟೆಗಳಂತೆ ವರ್ಷಕ್ಕೆ ಎರಡು ಮೂರು ಸಲ ಮರಿಮಾಡುವ ಜೋಡಿಯು ಹಿತ್ತಿಲಿನ ಅವರೆ, ಬದನೆ, ಕೋಸುಗಳಿಗೆ ಎಷ್ಟು ಉಪಕಾರಿಯೆಂಬುದನ್ನು ವಾಚಕರೇ ಊಹಿಸಬಹುದು. ಚೀನಾ ದೇಶದಲ್ಲಿ 1958ರಲ್ಲಿ ಗುಬ್ಬಿಯನ್ನು ಧಾನ್ಯಚೋರನೆಂದು ಸಾರಿ ದೇಶಾದ್ಯಂತ ಕೊಲ್ಲಿಸಿದರು. ಕೀಟಗಳ ಹಾವಳಿಯು ಹೆಚ್ಚಿತು. 1960ರಲ್ಲಿ ಸರ್ಕಾರವೇ ಗುಬ್ಬಿಯ ಹೆಸರನ್ನು ಶತ್ರುಗಳ ಪಟ್ಟಿಯಿಂದ ತೆಗೆದು ತಿಗಣೆಯ ಹೆಸರನ್ನು ಸೇರಿಸಿತು. ಆ ಕಾಲದ ಘೋರ ಕ್ಷಾಮಕ್ಕೆ ಬೇರೆ ಪ್ರಬಲ ಕಾರಣಗಳಿದ್ದುವೆಂಬುದನ್ನೂ ಇಲ್ಲಿ ಹೇಳಬೇಕು.

ಇಂಗ್ಲೆಂಡಿನ ಬ್ರೈಟನ್ ಮತ್ತು ಹೋವ್ ನಗರದಲ್ಲಿ 2020ರಿಂದ 5 ಮೀಟರಿಗಿಂತ ಎತ್ತರವಾದ ಹೊಸ ಕಟ್ಟಡಗಳ ಗೋಡೆಯಲ್ಲಿ ಗೂಡಿಗೆಂದೇ ಮಾಡಿದ ಟೊಳ್ಳು ಇಟ್ಟಿಗೆಗಳನ್ನು ಸೇರಿಸತಕ್ಕುದೆಂದು ವಿಧಿಸಿರುವರು. ದೇಶಕ್ಕೆಲ್ಲ ಇಂತಹ ವಿಧಿಯು ಬೇಕೆಂದು ಲಕ್ಷಕ್ಕೂ ಹೆಚ್ಚು ಜನರು ಸಹಿ ಹಾಕಿದ ಮನವಿಯು 2023ರಲ್ಲಿ ಅಲ್ಲಿನ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದಿತು. ಆ ಇಟ್ಟಿಗೆಯು ಮುಖ್ಯವಾಗಿ ಬಾನಾಡಿ ಎಂಬ ಹಕ್ಕಿಗಾಗಿ ರಚಿತವಾದುದು; ಗುಬ್ಬಿಗಳೂ ಅದರಲ್ಲಿ ನೆಲೆಸುವುವು. ನಮ್ಮಲ್ಲಿನ ಬಾನಾಡಿಗಳು ಕಮಾನು, ಸೂರುಗಳ ಅಡಿಯಲ್ಲಿ ಗುಂಪಾಗಿ ಗೂಡು ಮೆತ್ತತಕ್ಕವಾದುದರಿಂದ ಪರದೇಶದ ಮಾದರಿಯನ್ನೇ ನಕಲು ಮಾಡಬೇಕಾದುದಿಲ್ಲ.

ಗುಬ್ಬಿಗೆ ಬೇಕಾದುದು ಅತ್ಯಲ್ಪ. ಗೋಡೆಯೊಳಗೆ ಒಂದು ಗೇಣು ಎತ್ತರದ, ಐದಾರು ಅಂಗುಲ ಅಗಲದ ಪೊಳ್ಳು. ಅದಕ್ಕೆ 32 ಮಿಲಿಮೀಟರು, ಎಂದರೆ ಒಂದೂಕಾಲು ಅಂಗುಲ ವ್ಯಾಸದ ಬಾಯಿ. ನೆಲದಿಂದ ಹತ್ತು ಅಡಿಗೆ ಕಡಮೆಯಿಲ್ಲದಂತೆ, ಪಡುವಣ ಬಿಸಿಲೂ ಮಳೆಯ ಎರಚಲೂ ತಾಗದಂತೆ, ಸಜ್ಜದ ಅಡಿಯಲ್ಲಿರುವುದು ಲೇಸು. ಗುಬ್ಬಿಯು ನೆರೆಹೊರೆಯನ್ನು ಬಯಸುವ ಪ್ರಾಣಿಯಾದುದರಿಂದ ಮೂರು ನಾಲ್ಕು ಪೊಳ್ಳುಗಳು ಒಂದೆಡೆ ಇರತಕ್ಕದ್ದು. ಪಾರಿವಾಳಗಳು ತುಂಬಿಕೊಂಡಾವೆಂದು ಗೃಹಸ್ಥರು ಅಂಜುವರು. ಅವುಗಳ ಕಾಟವು ಸಣ್ಣದಲ್ಲ. ಆದರೆ ಒಂದೂಕಾಲು ಅಂಗುಲದ ಬಾಯೊಳಗೆ ಪಾರಿವಾಳದ ತಲೆಯಲ್ಲದೆ ಮೈ ತೂರದು. ಇಲಿಗಳ ವೈರಿಯಾದ ಕಣಜಗೂಬೆಗೂ ಎಡೆಯು ಬೇಕಾಗಿರುವುದು. ಆದರೆ ಗೂಬೆಯನ್ನು ಅಪಶಕುನವೆನ್ನುವ ಮನೆಗಳಲ್ಲಿ ಅದನ್ನು ಕಡ್ಡಾಯಮಾಡಹೊರಡುವುದು ಸದ್ಯಕ್ಕೆ ಸಾಹಸವೇ ಸರಿ.

ಇದನ್ನು ಜನರ ಇಷ್ಟಕ್ಕೆ ಬಿಟ್ಟರೆ ಸಾಲದೇ? ಸಾಲದೆಂದೇ ನಮ್ಮ ಮತ. 2010ರಿಂದ ಮಾರ್ಚಿ 20ನೆಯ ತಾರೀಖನ್ನು ಗುಬ್ಬಿಯ ದಿನವೆಂದು ಆಚರಿಸುತ್ತಿರುವೆವು; 2012ರಲ್ಲಿ ದೆಹಲಿಯು ಗುಬ್ಬಿಯನ್ನು ತನ್ನ ರಾಜ್ಯಪಕ್ಷಿಯೆಂದು ಘೋಷಿಸಿತು. ಮರ್ಯಾದೆಯು ದೊರೆಯಿತು, ಮನೆಯು ದೊರೆಯಲಿಲ್ಲ. ಬೆಂಗಳೂರಿನಲ್ಲಿ ಮಳೆನೀರಿನ ಸಂಗ್ರಹವನ್ನು 2009ರಲ್ಲಿ ಕಾನೂನಿನಿಂದಲೇ ವಿಧಿಸಬೇಕಾಯಿತು. ನಗರದ ಬೆಳವಣಿಗೆಯನ್ನು ಕ್ರಮಪಡಿಸಲು 1903ರಲ್ಲಿಯೇ ಮಂಡಲಿಯೊಂದನ್ನು ಸ್ಥಾಪಿಸಿದ ಮೈಸೂರಿಗೆ, ಕಟ್ಟಡದ ನಕ್ಷೆಗೆ ಅನುಮತಿ ಕೊಡುವಾಗ ಈ ಒಂದು ಷರತ್ತನ್ನು ಸೇರಿಸುವುದು ಭಾರವಾಗದು.

ಗೂಡೊಂದರಿಂದಲೇ ಗುಬ್ಬಿಯು ಬದುಕದು. ಅಂಗಳವನ್ನೆಲ್ಲ ಕಲ್ಲುಹಾಸಿ, ಉಳಿದ ಗಿಡಗಳಿಗೆ ಕೀಟನಾಶಕವನ್ನು ಸಿಂಪಡಿಸಿದರೆ ಮರಿಗೆ ಹುಳುವೆಲ್ಲಿಯದು? ಬೇಲಿಗೆ ದಾಸವಾಳ, ಮೂಲೆಯಲ್ಲಿ ಒಂದಿಷ್ಟು ಸೊಪ್ಪಿನ ಮಡಿ ಇರಲಿ. ಈಗಲೇ ಮನೆ ಕಟ್ಟಿಸುತ್ತಿರುವವರು ಕಾನೂನಿಗಾಗಿ ಕಾಯಬೇಕಾದುದಿಲ್ಲ. ಗಾರೆ ಹಚ್ಚುವುದಕ್ಕೆ ಮುಂಚೆ ಮೇಸ್ತ್ರಿಗೆ ಹೇಳಿದರೆ ಸಾಕು. ಹಚ್ಚಿದ ಮೇಲೆ ಒಡೆಸುವುದು ಇಮ್ಮಡಿ ಖರ್ಚು.