ದುಡ್ಡು ಜಾಸ್ತಿ ಕೊಡುವ ಕಂಪನಿಯೋ, ಮನೆಗೆ ಕಳಿಸುವ ಕಂಪನಿಯೋ?

ಮೊನ್ನೆ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ತಂಗಿ ಕೈಯಲ್ಲೊಂದು ಚೀಟಿ ಹಿಡಿದುಕೊಂಡು ಬಂದಳು. ಅವಳ ಗಂಡ ಗಂಗೊಳ್ಳಿಯಿಂದ ಮೀನಿನ ಲಾರಿ ಓಡಿಸುವವರು. ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಆಗ ಲಾರಿಗೂ ಕೆಲಸ ಕಮ್ಮಿ. ಪ್ರತಿ ಮಳೆಗಾಲವೂ ಸಾಲದಲ್ಲೇ ಕಳೆಯುವುದು ಸಾಕಾಗಿ, ಹೊಸ ಕಾರುಗಳನ್ನು ಫ್ಯಾಕ್ಟರಿಯಿಂದ ಶೋರೂಮಿಗೆ ಸಾಗಿಸುವ ಉದ್ದದ ಟ್ರೈಲರ್ ಓಡಿಸಲು ಹೊರಟಿದ್ದಾರೆ. ಎರಡು ಕಂಪನಿಗಳು ಕರೆದಿವೆಯಂತೆ.

"ಒಂದ್ರಗೆ ದುಡ್ಡ್ ಜಾಸ್ತಿ ಕೊಡ್ತ್ರಂಬ್ರ್ ಅಕ್ಕಾ, ಅದಕ್ಕೇ ಸೇರ್ಲಿ ಅಂದೇಳಿ ನಂಗ್ ಕಾಣತ್ತ್. ನೀವ್ ಎಂತ ಹೇಳ್ತ್ರಿ?" ಎಂದಳು.

ನಾನು "ಸ್ವಲ್ಪ ತಡಿ ಮಾರಾಯ್ತಿ" ಅಂದೆ. ಒಂದು ಸೀರೆ ತಗೊಳ್ಳೋಕೆ ನಾಲ್ಕು ಅಂಗಡಿ ಹತ್ತಿ ಇಳಿಯುವವರು ನಾವು. ಮನೆಯ ಗಂಡಸು ತಿಂಗಳಿಗೆ ಇಪ್ಪತ್ತು ದಿನ ಯಾರ ಗಾಡಿಯಲ್ಲಿ ಮಲಗಿ ಏಳುತ್ತಾನೆ ಎನ್ನುವುದನ್ನು ಒಂದೇ ಫೋನ್ ಕಾಲಿನಲ್ಲಿ ತೀರ್ಮಾನ ಮಾಡಿಬಿಡೋದಾ?

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ನನ್ನ ತಮ್ಮನೂ ಹೀಗೆ 'ದುಡ್ಡು ಜಾಸ್ತಿ' ಅಂತ ಒಂದು ಕಡೆ ಸೇರಿದ್ದ. ಮೂರನೇ ಟ್ರಿಪ್ಪಿನಲ್ಲಿ ಇಳಿಸಿದ ಒಂದು ಕಾರಿನ ಬಂಪರಿನಲ್ಲಿ ಗೀರು ಕಂಡಿತು. ಅದು ಹತ್ತಿಸುವಾಗಲೇ ಇತ್ತೋ, ದಾರಿಯಲ್ಲಿ ಆಯ್ತೋ, ಯಾರಿಗೆ ಗೊತ್ತು? ಹತ್ತಿಸುವಾಗ 'ಎಲ್ಲ ಸರಿ ಇದೆ' ಎಂಬ ಕಾಗದಕ್ಕೆ ಓದದೇ ಸಹಿ ಹಾಕಿದ್ದ. ಎರಡು ತಿಂಗಳ ಸಂಬಳದಲ್ಲಿ ಕಡಿತ! ಮಕ್ಕಳ ಶಾಲೆ ಫೀಸಿಗೆ ನಾದಿನಿ ಬಳೆ ಅಡವಿಟ್ಟಳು. ಅವನೀಗ ಬ್ರಹ್ಮಾವರದಲ್ಲಿ ಲೋಕಲ್ ಬಸ್ ಓಡಿಸಿಕೊಂಡು ನೆಮ್ಮದಿಯಿಂದಿದ್ದಾನೆ.

ಹಾಗಾಗಿ ತಂಗಿಯ ಚೀಟಿಯ ಹಿಂದೆ ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟೆ. ನಿಮ್ಮ ಮನೆಯವರು ಆಫೀಸಿಗೆ ಹೋಗುವವರಿರಬಹುದು. ಆದರೂ ಊರಲ್ಲಿರುವ ಅಣ್ಣನಿಗೋ, ಮನೆಗೆಲಸಕ್ಕೆ ಬರುವಾಕೆಯ ಗಂಡನಿಗೋ ಉಪಯೋಗಕ್ಕೆ ಬರಬಹುದು, ಓದಿ.

ಲೆಕ್ಕ ಹೇಗೆ? 'ಮೂವತ್ತು ಸಾವಿರ ಆಗ್ತದೆ' ಎಂಬ ಮಾತಿಗೆ ಮರುಳಾಗಬೇಡಿ. ಅದರಲ್ಲಿ ಖಾತರಿ ಸಂಬಳ ಎಷ್ಟು, ಟ್ರಿಪ್ಪಿನ ಮೇಲೆ ಸಿಗುವುದೆಷ್ಟು, ಬತ್ತಾ ಎಷ್ಟು ಅಂತ ಬಿಡಿಸಿ ಕೇಳಿ. ವಾಪಸು ಬರುವಾಗ ಲೋಡ್ ಸಿಗದೆ ಖಾಲಿ ಬಂದರೆ ದುಡ್ಡುಂಟಾ? ಶೋರೂಮಿನ ಮುಂದೆ ಇಳಿಸಲು ಎರಡು ದಿನ ಕಾದರೆ ಆ ಊಟದ ಖರ್ಚು ಯಾರದ್ದು? ಟೋಲ್, ಪಂಕ್ಚರ್, ಕೊಟ್ಟಿದ್ದಕ್ಕಿಂತ ಹೆಚ್ಚು ಸುಟ್ಟ ಡೀಸೆಲ್ ಯಾರ ತಲೆಗೆ? ಇಷ್ಟು ಕಳೆದು ಉಳಿಯುವುದೇ ನಿಜವಾದ ಸಂಬಳ.

ಗೀರು ಬಿದ್ದರೆ? ಸಾಗಣೆಯ ವಿಮೆ ಇದೆಯಾ, ಚಾಲಕನ ಕೈಯಿಂದ ಎಷ್ಟರವರೆಗೆ ಹಿಡಿಯುತ್ತಾರೆ ಎಂಬುದು ಬರವಣಿಗೆಯಲ್ಲಿರಲಿ. ಹತ್ತಿಸುವಾಗಲೂ ಇಳಿಸುವಾಗಲೂ ಪ್ರತಿ ಕಾರಿನ ನಾಲ್ಕೂ ಬದಿಯ ಫೋಟೋ ಮೊಬೈಲಿನಲ್ಲಿ ತೆಗೆಯಲು ಹೇಳಿ. ಅದಕ್ಕೆ ಸಮಯ ಕೊಡದೆ 'ಬೇಗ ಬೇಗ' ಅನ್ನುವ ಕಂಪನಿ ಬೇಡ.

ಕಾಗದ ಪತ್ರ ಉಂಟಾ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು. ಇಪ್ಪತ್ತು ಜನರಿರುವ ಸಂಸ್ಥೆಗೆ ಪಿಎಫ್, ಹತ್ತು ಜನರಿದ್ದರೆ ಇಎಸ್‌ಐ ಅನ್ವಯಿಸುತ್ತದೆ. ಸಂಬಳ ಬ್ಯಾಂಕಿಗೇ ಬರಲಿ. ಕೆಲಸದ ಮೇಲಿದ್ದಾಗ ಅಪಘಾತವಾದರೆ ಪರಿಹಾರ ಮಾಲೀಕನ ಹೊಣೆ ಅಂತ 1923ರಿಂದಲೂ ಕಾನೂನಿದೆ. ಆದರೆ 'ಇವನು ನಮ್ಮ ಚಾಲಕನೇ ಅಲ್ಲ' ಅಂದುಬಿಟ್ಟರೆ ನಿಮ್ಮ ಕೈಯಲ್ಲಿ ತೋರಿಸಲು ಏನಾದರೂ ಇರಬೇಕಲ್ಲ? ಇನ್ನು, ಒರಿಜಿನಲ್ ಲೈಸೆನ್ಸ್ ಅಥವಾ ಖಾಲಿ ಚೆಕ್ ಕೊಟ್ಟಿಡಿ ಅಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ.

ನಿದ್ದೆಗೆ ಸಮಯ ಕೊಡ್ತಾರಾ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ದೂರದ ಹಾದಿಗೆ ಹೆಚ್ಚೆಂದರೆ 10 ಗಂಟೆ ಎಂದಿತ್ತು. ಹೊಸ ಸಂಹಿತೆಯಲ್ಲೂ ದಿನದ ಕೆಲಸ 8 ಗಂಟೆಯೇ. 'ನಾಳೆ ಬೆಳಿಗ್ಗೆಯೊಳಗೆ ತಲುಪದಿದ್ದರೆ ಟ್ರಿಪ್ ದುಡ್ಡು ಕಟ್' ಅನ್ನುವವರು ಈ ಕಾನೂನನ್ನು ಓದಿದವರಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ. ಕಂಪನಿಯ ಗಾಡಿಗಳು ಎಷ್ಟು ಹಳೆಯವು ಅಂತಲೂ ವಿಚಾರಿಸಿ. ಹೆಚ್ಚು ಭಾರ ಹೇರಿದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಹೇರಿಸಿದವರು ಆಫೀಸಿನಲ್ಲಿ ಕೂತಿರುತ್ತಾರೆ, ರಸ್ತೆಯಲ್ಲಿ ಸಿಕ್ಕಿಬೀಳುವವನು ಚಾಲಕ.

ಹಾದಿ ಯಾವುದು? ಬಿಡದಿಯಿಂದ ನಮ್ಮ ಕರಾವಳಿಗೆ ಉದ್ದದ ಗಾಡಿ ಬರಬೇಕಾದರೆ ಶಿರಾಡಿಯೇ ಗತಿ. ಆಗುಂಬೆಯ ಆ ತಿರುವುಗಳಲ್ಲಿ ಟ್ರೈಲರ್ ತಿರುಗೀತಾ? 2018ರಲ್ಲಿ ಕಾಂಕ್ರೀಟ್ ಕೆಲಸಕ್ಕಾಗಿ ಶಿರಾಡಿ ತಿಂಗಳುಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದ್ ಆಗುವುದೂ ಹೊಸತಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ (ನಮ್ಮ ಬೈಂದೂರಿನ ಶಿರೂರಲ್ಲ) ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನೆನಪಿದೆಯಲ್ಲ? ಕೇರಳದ ಒಬ್ಬ ಲಾರಿ ಚಾಲಕನ ದೇಹ ಗಂಗಾವಳಿ ನದಿಯಲ್ಲಿ ಲಾರಿ ಸಮೇತ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟೂ ದಿನ ಆ ಮನೆಯವರು ಹೇಗೆ ಉಸಿರು ಹಿಡಿದಿದ್ದರೋ! ಗುಡ್ಡವನ್ನು ಕಂಪನಿ ತಡೆಯಲಾರದು, ನಿಜ. ಆದರೆ 'ಮಳೆ ಜೋರಿದೆ, ಗಾಡಿ ನಿಲ್ಲಿಸ್ತೇನೆ' ಅಂದಾಗ ಒಪ್ಪುವ ಕಂಪನಿ, ಮನೆಯವರು ಫೋನ್ ಮಾಡಿದರೆ ಎತ್ತಿ 'ಗಾಡಿ ಇಂಥಲ್ಲಿದೆ' ಅಂತ ಹೇಳುವ ಕಂಪನಿ ಬೇರೆಯೇ.

ಮನೆಗೆ ಯಾವಾಗ? ಇದನ್ನು ಗಂಡಸರು ಕೇಳುವುದಿಲ್ಲ, ನಾವೇ ಕೇಳಿಸಬೇಕು. ಕಾರುಗಳು ಈಗ ರೈಲು ಹತ್ತುತ್ತಿವೆ. ಮಾರುತಿ ಸುಜುಕಿಯ ಗುಜರಾತಿನ ಹನ್ಸಲ್‌ಪುರ ಕಾರ್ಖಾನೆಯೊಳಗೆ 2024ರಲ್ಲಿ, ಹರಿಯಾಣದ ಮಾನೇಸರ್ ಕಾರ್ಖಾನೆಯೊಳಗೆ 2025ರಲ್ಲಿ ರೈಲು ಹಳಿಯೇ ಬಂತು. ಆದರೆ ರೈಲು ಇಳಿದ ಕಾರನ್ನು ಶೋರೂಮಿಗೆ ಒಯ್ಯಲು ಟ್ರೈಲರ್ ಬೇಕೇ ಬೇಕು. ಇಂಥ ಸಣ್ಣ ಹಾದಿಯ ಕೆಲಸವಿರುವ ಕಂಪನಿಯಾದರೆ ಸಂಬಳ ಸ್ವಲ್ಪ ಕಮ್ಮಿಯಾದರೂ ವಾರಕ್ಕೊಮ್ಮೆ ಮನೆಯ ಊಟ ಸಿಕ್ಕೀತು. ಸಾಧ್ಯವಾದರೆ ಅಲ್ಲಿ ಈಗಾಗಲೇ ಓಡಿಸುತ್ತಿರುವ ಇಬ್ಬರು ಚಾಲಕರನ್ನು ಕೇಳಿ. ಅದಕ್ಕಿಂತ ಒಳ್ಳೆಯದು, ಅವರ ಹೆಂಡತಿಯರನ್ನು ಕೇಳಿ!

'ಗಂಡಸರ ಕೆಲಸದಲ್ಲಿ ಹೆಂಗಸರು ಮೂಗು ತೂರಿಸೋದ್ಯಾಕೆ' ಅಂತ ಅತ್ತೆ ಗೊಣಗಬಹುದು. ಸಂಬಳ ತಡವಾದರೆ ಹಾಲಿನವನಿಗೆ ಸಬೂಬು ಹೇಳುವವರು ನಾವು, ರಾತ್ರಿ ಫೋನ್ ಸ್ವಿಚ್ ಆಫ್ ಬಂದರೆ ನಿದ್ದೆಗೆಡುವವರೂ ನಾವು. ಕೇಳುವ ಹಕ್ಕು ನಮಗಿಲ್ಲದೆ ಇನ್ಯಾರಿಗೆ? ಜಗಳ ಬೇಡ. ಊಟ ಬಡಿಸುತ್ತಾ ಮೆಲ್ಲಗೆ ಕೇಳಿದರೂ ಆಯ್ತು.

ತಂಗಿ ಆ ಚೀಟಿಯನ್ನು ಗಂಡನ ಕೈಗೆ ಕೊಟ್ಟಳಂತೆ. ಅವರು ಎರಡೂ ಕಡೆ ಫೋನ್ ಹಚ್ಚಿ ಒಂದೊಂದೇ ಕೇಳಿದರಂತೆ. ಜಾಸ್ತಿ ಕೊಡ್ತೇವೆ ಅಂದಿದ್ದವರು ಮೂರನೇ ಪ್ರಶ್ನೆಗೆ 'ಬೇಕಾದ್ರೆ ಬನ್ನಿ, ಇಲ್ಲಾಂದ್ರೆ ಬಿಡಿ' ಅಂದು ಫೋನ್ ಇಟ್ಟರು. ಇನ್ನೊಂದು ಕಂಪನಿಯವರು ನೇಮಕಾತಿ ಪತ್ರದ ಪ್ರತಿಯನ್ನು ಮೊಬೈಲಿಗೆ ಕಳಿಸಿದ್ದಾರೆ, ಸಂಬಳ ನಾಲ್ಕು ಸಾವಿರ ಕಮ್ಮಿ. ಬರುವ ಸೋಮವಾರ ಅವರು ಅಲ್ಲಿಗೇ ಹೊರಟಿದ್ದಾರೆ. ಪತ್ರವನ್ನು ತಂಗಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದಾಳೆ.